ತಿಂಗಳಿಗೆ 50 ಸ್ಟ್ರಿಪ್ ಸಾಲುತ್ತಿಲ್ಲ, ಜಿಪಿ ಹತ್ತಿರ ಹೇಗೆ ಕೇಳೋದು?

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ, ವಯಸ್ಸು 46. ಟೈಪ್ 2 ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಕ್ಲಜೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. 4 ತಿಂಗಳಿಂದ ರಾತ್ರಿ ಒಂದು ಇನ್ಸುಲಿನ್ ಕೂಡ ಶುರುವಾಗಿದೆ. ಆಫೀಸಿಗೆ ಕಾರಿನಲ್ಲೇ ಓಡಾಟ, ಒಂದು ಕಡೆಗೆ 50 ನಿಮಿಷ. ಜಿಪಿ ಪ್ರಾಕ್ಟೀಸ್‌ನವರು (ಇಲ್ಲಿನ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್) 28 ದಿನಕ್ಕೆ ಶುಗರ್ ನೋಡುವ 50 ಸ್ಟ್ರಿಪ್‌ನ ಒಂದೇ ಡಬ್ಬಿ ಕೊಡುತ್ತಾರೆ. ಪ್ರತಿ ಊಟ ಆದ ಮೇಲೂ ನೋಡಿಕೊಳ್ಳುತ್ತೇನೆ, ದಿನಕ್ಕೆ ಐದು ಸಲ ಆಗುತ್ತದೆ. ಹತ್ತು ದಿನಕ್ಕೆ ಡಬ್ಬಿ ಖಾಲಿ. ಆಮೇಲೆ ಎಲ್ಲ ಅಂದಾಜಿನಲ್ಲೇ. ರಿಸೆಪ್ಷನ್‌ನಲ್ಲಿ ಕೇಳಿದರೆ "ಅಷ್ಟೇ ಲಿಮಿಟ್" ಎಂದರು. ಏಕಾದಶಿ ಉಪವಾಸ ಬೇರೆ ಮಾಡುತ್ತೇನೆ. ಬೆಂಗಳೂರಿನಿಂದ ತರಿಸಿಕೊಳ್ಳಲಾ? ಮೈಗೆ ಅಂಟಿಸಿಕೊಂಡು ಶುಗರ್ ನೋಡುವ ಸೆನ್ಸರ್ ಕೇಳಲಾ? ಬೇಸಿಗೆಯಲ್ಲಿ ಅಪ್ಪ ಬರುತ್ತಾರೆ, ಅವರಿಗೂ ಶುಗರ್. ನನ್ನದರಲ್ಲೇ ಹೊಂದಿಸಬಹುದಾ?

ಉತ್ತರ: ಹತ್ತು ದಿನ ಐದೈದು ಸಲ, ಆಮೇಲೆ ಹದಿನೆಂಟು ದಿನ ಒಂದೂ ಇಲ್ಲ. ಆ ಹದಿನೆಂಟು ದಿನವೂ ನೀವು ಕಾರು ಓಡಿಸುತ್ತಿದ್ದೀರಿ ತಾನೇ? ಮಿಕ್ಕಿದ್ದೆಲ್ಲ ನಿಧಾನವಾಗಿ ಮಾತಾಡೋಣ, ಇದನ್ನು ಮಾತ್ರ ಇವತ್ತೇ ನಿಲ್ಲಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ಗಾಡಿ ಹತ್ತುವ ಮುಂಚಿನ 2 ಗಂಟೆಯೊಳಗೆ ಒಂದು ಸಲ ಶುಗರ್ ನೋಡಿಕೊಂಡಿರಬೇಕು. ದೂರದ ಪ್ರಯಾಣವಾದರೆ ಪ್ರತಿ 2 ಗಂಟೆಗೊಮ್ಮೆ ನೋಡಿಕೊಳ್ಳಬೇಕು. ಇದು ಲೈಸೆನ್ಸ್ ಕೊಡುವ ಡಿವಿಎಲ್‌ಎಯ ನಿಯಮ. ಮೀಟರ್ 5ಕ್ಕಿಂತ ಮೇಲಿದ್ದರೆ ಹೊರಡಿ. 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. 4ಕ್ಕಿಂತ ಕೆಳಗಿದ್ದರೆ ಓಡಿಸುವ ಹಾಗೇ ಇಲ್ಲ. ತಿಂದು, ಶುಗರ್ ಸರಿಹೋದ ಮೇಲೂ 45 ನಿಮಿಷ ಕಾಯಬೇಕು. ಊರಿನ ಲೆಕ್ಕ (mg/dL) ಬೇಕಾದರೆ ಇಲ್ಲಿನ ನಂಬರನ್ನು (mmol/L) 18ರಿಂದ ಗುಣಿಸಿ. 4 ಅಂದರೆ 72, 5 ಅಂದರೆ 90.

ಇನ್ನೊಂದು ವಿಷಯ. ಇನ್ಸುಲಿನ್ ಶುರುವಾಗಿ 4 ತಿಂಗಳಾಯಿತು ಅಂದಿದ್ದೀರಿ. 3 ತಿಂಗಳು ದಾಟಿದರೆ ಡಿವಿಎಲ್‌ಎಗೆ ತಿಳಿಸಲೇಬೇಕು. ತಿಳಿಸಿಲ್ಲದಿದ್ದರೆ ಈ ವಾರವೇ ತಿಳಿಸಿ. ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ ಅನ್ನೋ ಭಯಕ್ಕೆ ನಮ್ಮವರು ಎಷ್ಟೋ ಜನ ಸುಮ್ಮನಿರುತ್ತಾರೆ. ಸಾಮಾನ್ಯವಾಗಿ ಕಿತ್ತುಕೊಳ್ಳುವುದಿಲ್ಲ, 1ರಿಂದ 3 ವರ್ಷದ ಲೈಸೆನ್ಸ್ ಕೊಟ್ಟು ಆಮೇಲೆ ನವೀಕರಿಸುತ್ತಾರೆ. ಇನ್ಶೂರೆನ್ಸ್ ಕಂಪನಿಗೂ ಹೇಳಿಬಿಡಿ.

ಈಗ ಸ್ಟ್ರಿಪ್ ಕಥೆಗೆ ಬರೋಣ. ನಾನು ಇಂಗ್ಲೆಂಡಿನ ಒಂದು ಜಿಪಿ ಪ್ರಾಕ್ಟೀಸ್‌ನಲ್ಲಿ ಫಾರ್ಮಸಿಸ್ಟ್. ರಿಪೀಟ್ ಚೀಟಿಗಳನ್ನು, ಅಂದರೆ ಮತ್ತೆ ಮತ್ತೆ ಕೊಡುವ ಔಷಧಿ ಚೀಟಿಗಳನ್ನು ನೋಡುವುದೇ ನನ್ನ ದಿನದ ಕೆಲಸ. ನಿಮಗೆ ಹೇಳಿದ ಆ "ಲಿಮಿಟ್" ಕಾನೂನಲ್ಲ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ನಿಯಮವೂ ಅಲ್ಲ. ಬಹಳ ಸಲ ಅದು ಕಂಪ್ಯೂಟರಿನಲ್ಲಿ ಯಾವಾಗಲೋ ಬರೆದಿಟ್ಟ ಒಂದು ಸಾಲು, ಅಷ್ಟೇ. ನೀವು ಬರೀ ಮಾತ್ರೆಯಲ್ಲಿದ್ದಾಗ ಯಾರೋ "50 ಸ್ಟ್ರಿಪ್, 28 ದಿನ" ಎಂದು ಹಾಕಿರುತ್ತಾರೆ. ಇನ್ಸುಲಿನ್ ಶುರುವಾದಾಗ ಚೀಟಿಗೆ ಇನ್ಸುಲಿನ್ ಸೇರಿತು, ಸೂಜಿ ಸೇರಿತು. ಸ್ಟ್ರಿಪ್ ಸಾಲನ್ನು ಮುಟ್ಟಿದವರಿಲ್ಲ. ರಿಸೆಪ್ಷನ್‌ನಲ್ಲಿ ಕೂತವರಿಗೆ ಕಾಣುವುದು ಆ ಸಾಲು ಮಾತ್ರ. ಅದನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಹಾಗಾಗಿ ಅವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಪಾಪ, ದಿನವಿಡೀ ಬೈಗುಳ ತಿನ್ನುವ ಕೆಲಸ ಅವರದು.

ಎನ್‌ಎಚ್‌ಎಸ್ ಆ್ಯಪ್ ತೆಗೆದು ನಿಮ್ಮ ರಿಪೀಟ್ ಪಟ್ಟಿಯಲ್ಲಿ ಸ್ಟ್ರಿಪ್ ಹೆಸರಿನ ಕೆಳಗೆ ಏನಿದೆ ನೋಡಿ. "ಹೇಳಿದಂತೆ ಬಳಸಿ" ಎಂದೋ, "ದಿನಕ್ಕೆ ಒಂದು ಸಲ" ಎಂದೋ ಇರಬಹುದು. ನೀವು ಬದಲಾಯಿಸಿಕೊಳ್ಳಬೇಕಾದ್ದು ಆ ಸಾಲನ್ನು. ಅಲ್ಲಿ "ದಿನಕ್ಕೆ 3 ಸಲ, ಗಾಡಿ ಓಡಿಸುವ ಮುಂಚೆ ಸೇರಿ" ಎಂದು ಬಂತೋ, ಡಬ್ಬಿಗಳ ಸಂಖ್ಯೆ ತಾನಾಗಿ ಏರುತ್ತದೆ. ಸುಮ್ನೆ "ಜಾಸ್ತಿ ಕೊಡಿ" ಎಂದು ಕೇಳಿದರೆ ಒಂದು ಡಬ್ಬಿ ಹೆಚ್ಚಿಗೆ ಕೊಡಬಹುದು. ಮುಂದಿನ ತಿಂಗಳು ಮತ್ತೆ ಅದೇ 50.

ಹಾಗಾದರೆ ಎಷ್ಟು ಕೇಳಬೇಕು? ಇಲ್ಲಿ ನಿಮಗೆ ಸ್ವಲ್ಪ ಬೇಜಾರಾಗಬಹುದು. ದಿನಕ್ಕೆ ಐದು ಸಲಕ್ಕೆ ನಾನು ಒಪ್ಪುವುದಿಲ್ಲ. ಒಂದು ಸ್ಟ್ರಿಪ್ ಖರ್ಚು ಮಾಡಿದರೆ ಆ ನಂಬರ್ ನೋಡಿ ನೀವು ಏನಾದರೂ ಮಾಡುವಂತಿರಬೇಕು. ಮಧ್ಯಾಹ್ನ ಊಟ ಆದ ಮೇಲೆ 11.4 ಬಂತು ಅಂದುಕೊಳ್ಳಿ. ನಿಮ್ಮ ಇನ್ಸುಲಿನ್ ಇರುವುದು ರಾತ್ರಿ ಒಂದೇ. ಆಗ ನೀವು ಮಾಡುವುದೇನು? ಬೇಜಾರು ಮಾಡಿಕೊಳ್ಳುವುದು, ಅಷ್ಟೇ ಅಲ್ವಾ?

ನಿಮ್ಮ ದಿನವನ್ನೇ ನೋಡೋಣ. ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ಒಂದು. ರಾತ್ರಿಯ ಇನ್ಸುಲಿನ್ ಎಷ್ಟಿರಬೇಕು ಎಂದು ತೀರ್ಮಾನವಾಗುವುದೇ ಈ ನಂಬರಿನಿಂದ. ಅದಾಗಿ 2 ಗಂಟೆಯೊಳಗೆ ಕಾರು ಹತ್ತಿದರೆ ಡ್ರೈವಿಂಗ್ ಲೆಕ್ಕಕ್ಕೂ ಅದೇ ಸಾಕು. ಒಂದು ಸ್ಟ್ರಿಪ್, ಎರಡು ಕೆಲಸ. ಸಂಜೆ ಆಫೀಸಿನಿಂದ ಹೊರಡುವ ಮುಂಚೆ ಒಂದು. ಗ್ಲಿಕ್ಲಜೈಡ್ ತೆಗೆದುಕೊಂಡು ಮಧ್ಯಾಹ್ನದ ಊಟ ತಡವಾದ ದಿನ ಶುಗರ್ ಇಳಿಯುವುದು ಆ ಹೊತ್ತಿಗೇ ಜಾಸ್ತಿ. ರಾತ್ರಿ ಮಲಗುವ ಮುಂಚೆ ಇನ್ನೊಂದು. ಒಟ್ಟು 3. ಶನಿವಾರ, ಭಾನುವಾರವೂ ಹೆಚ್ಚುಕಡಿಮೆ ಇಷ್ಟೇ, ಅಂಗಡಿಗೋ ಮಕ್ಕಳ ಕ್ಲಾಸಿಗೋ ಕಾರು ತೆಗೆದೇ ತೆಗೆಯುತ್ತೀರಿ. 28 ದಿನಕ್ಕೆ 84 ಆಯಿತು. ತಿಂಗಳಿಗೆ ಎರಡು ಏಕಾದಶಿ, ಒಂದೊಂದಕ್ಕೆ 3 ಹೆಚ್ಚಿಗೆ ಎಂದರೆ 90. ಶುಗರ್ ತೀರಾ ಇಳಿದು ಲೋ ಆದಾಗ ಮತ್ತೆ ನೋಡುವುದಕ್ಕೆ, ರಕ್ತ ಸಾಲದೆ "ಎರರ್" ತೋರಿಸಿ ಹಾಳಾಗುವುದಕ್ಕೆ ಒಂದು 10 ಇಟ್ಟುಕೊಳ್ಳಿ. ಸರಿಯಾಗಿ 100. ಅಂದರೆ 28 ದಿನಕ್ಕೆ ಎರಡು ಡಬ್ಬಿ. ಇದು ಯಾರೂ ಸುಲಭವಾಗಿ ಇಲ್ಲ ಎನ್ನಲಾಗದ ಲೆಕ್ಕ, ಯಾಕೆಂದರೆ ಪ್ರತಿ ಸ್ಟ್ರಿಪ್ಪಿಗೂ ಒಂದು ಕಾರಣವಿದೆ.

ಊಟ ಆದ ಮೇಲೆ ನೋಡಲೇಬಾರದು ಅಂತಲ್ಲ. ಹೊಸದೇನಾದರೂ ತಿನ್ನಲು ಶುರು ಮಾಡಿದಾಗ ಊಟದ ಮುಂಚೆ ಒಂದು, 2 ಗಂಟೆ ಬಿಟ್ಟು ಒಂದು, ಹೀಗೆ ನಾಲ್ಕೈದು ದಿನ ಜೋಡಿಯಾಗಿ ನೋಡಿ. ಅನ್ನ ಬಿಟ್ಟು ರಾಗಿ ಮುದ್ದೆ ಹಿಡಿದರೆ ಶುಗರ್ ಏರುವುದೇ ಇಲ್ಲ ಎಂದು ನಂಬಿದವರಿಗೆ ನಾನು ಹೇಳುವುದು ಇದನ್ನೇ. ಎರಡು ದೊಡ್ಡ ಮುದ್ದೆ ತಿಂದು 2 ಗಂಟೆ ಬಿಟ್ಟು ಚುಚ್ಚಿ ನೋಡಿ, ಗೊತ್ತಾಗುತ್ತೆ. ಆದರೆ ಉತ್ತರ ಸಿಕ್ಕಿದ ಮೇಲೆ ಅದೇ ಪ್ರಶ್ನೆಯನ್ನು ದಿನಾ ಕೇಳಬೇಕಾಗಿಲ್ಲ.

ಎನ್‌ಎಚ್‌ಎಸ್‌ಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಸಂಸ್ಥೆಯ ಹೆಸರು ನೈಸ್. ಟೈಪ್ 2 ಇರುವ ಎಲ್ಲರಿಗೂ ಮನೆಯಲ್ಲಿ ಶುಗರ್ ನೋಡುವ ಏರ್ಪಾಡು ಬೇಡ ಎಂದು ಅವರು ಹೇಳುತ್ತಾರೆ. ಇದನ್ನೇ ಹಿಡಿದು ಕೆಲವು ಕಡೆ ಎಲ್ಲರಿಗೂ ಕತ್ತರಿ ಹಾಕುತ್ತಾರೆ. ಆದರೆ ಅದೇ ಮಾರ್ಗಸೂಚಿ ಯಾರಿಗೆ ಕೊಡಬೇಕು ಎಂದೂ ಹೇಳಿದೆ. ಇನ್ಸುಲಿನ್ ಮೇಲಿರುವವರು, ಲೋ ಶುಗರ್ ಆಗುತ್ತಿರುವವರು, ಶುಗರ್ ಇಳಿಸಬಲ್ಲ ಮಾತ್ರೆ ತೆಗೆದುಕೊಂಡು ಗಾಡಿ ಓಡಿಸುವವರು ಅಥವಾ ಯಂತ್ರದ ಕೆಲಸ ಮಾಡುವವರು, ಗರ್ಭಿಣಿಯರು, ಮಗುವಿಗೆ ಯೋಚಿಸುತ್ತಿರುವವರು. ನೀವು ಇದರಲ್ಲಿ ಎರಡು ಕಡೆ ಬರುತ್ತೀರಿ, ಲೋ ಆಗಿದ್ದರೆ ಮೂರು ಕಡೆ. ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದಾಗಲೂ ಸ್ವಲ್ಪ ಕಾಲ ನೋಡಿಕೊಳ್ಳುವ ಮಾತು ಅದರಲ್ಲಿದೆ. ಆಗ ಮಧ್ಯಾಹ್ನ, ಸಂಜೆ ಹೊತ್ತಿಗೆ ಶುಗರ್ ಜಿಗಿಯುತ್ತದೆ. ಟೈಪ್ 1 ಇರುವವರ ಲೆಕ್ಕವೇ ಬೇರೆ. ಅವರಿಗೆ ದಿನಕ್ಕೆ ಕಡಿಮೆ ಅಂದರೂ 4 ಸಲ. ಜ್ವರ, ಆಟ, ಡ್ರೈವಿಂಗ್, ಬಸಿರು, ಬಾಣಂತನದಂಥ ಸಮಯದಲ್ಲಿ 10 ಸಲದವರೆಗೂ ಬೆಂಬಲ ಕೊಡಬೇಕು ಎಂದು ಬರೆದಿದೆ. ಟೈಪ್ 1 ಇರುವವರಿಗೂ ತಿಂಗಳಿಗೆ 50 ಎಂದು ಹೇಳಿದರೆ ಅದು ಶುದ್ಧ ತಪ್ಪು.

ಬರೀ ಮೆಟ್‌ಫಾರ್ಮಿನ್ ಮೇಲಿರುವ ಓದುಗರು "ನಮಗ್ಯಾಕೆ ಒಂದೂ ಕೊಡಲ್ಲ" ಎಂದು ಕೇಳುತ್ತಾರೆ. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ತೀರಾ ಅಪರೂಪ. ಅವರಿಗೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಸಾಕಾಗುತ್ತದೆ. ಊಟದ ಲೆಕ್ಕ ಕಲಿಯುವ ಆಸೆಯಿದ್ದರೆ ಒಂದು ಡಬ್ಬಿ ಕೊಂಡು ಎರಡು ವಾರ ನೋಡಿ. ಅದಕ್ಕಾಗಿ ಜಿಪಿ ಜೊತೆ ಜಗಳ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕೇಳುವ ರೀತಿ ಹೇಳುತ್ತೇನೆ. ಮುಂದಿನ ಎರಡು ವಾರ ಮೇಲೆ ಹೇಳಿದ 3 ಸಲ ನೋಡಿ ಬರೆದಿಡಿ. ಡಬ್ಬಿ ಖಾಲಿಯಾಗಿದ್ದರೆ ಒಂದನ್ನು ಕೈಯಿಂದ ಹಾಕಿ ಕೊಳ್ಳಿ, ಶುಗರ್ ಇರುವವರು ತಮಗಾಗಿ ಕೊಂಡರೆ ವ್ಯಾಟ್ ಬೀಳುವುದಿಲ್ಲ. ಬರೀ ನಂಬರ್ ಬರೆಯಬೇಡಿ, ಪಕ್ಕದಲ್ಲಿ ಏನು ಮಾಡಿದಿರಿ ಅನ್ನೋದನ್ನೂ ಬರೆಯಿರಿ. "ಸಂಜೆ 5.10, ಶುಗರ್ 4.6, ಎರಡು ಬಿಸ್ಕತ್ ತಿಂದು ಹೊರಟೆ." ಇಂಥ ಎರಡು ಸಾಲು ಇದ್ದರೆ ಸಾಕು, ನನ್ನಂಥವರು ಮರುಮಾತಿಲ್ಲದೆ ಸಹಿ ಹಾಕುತ್ತೇವೆ. ಆಮೇಲೆ ಪ್ರಾಕ್ಟೀಸ್‌ಗೆ ಆನ್‌ಲೈನ್ ಫಾರ್ಮಿನಲ್ಲಿ ಬರೆಯಿರಿ. ಬಾಯಲ್ಲಿ ಹೇಳಿದ್ದು ಯಾರ ಕಿವಿಯಲ್ಲೋ ಉಳಿದುಬಿಡುತ್ತದೆ, ಬರೆದದ್ದು ನಿಮ್ಮ ದಾಖಲೆಗೆ ಸೇರುತ್ತದೆ. ಹೀಗೆ ಬರೆಯಬಹುದು: "ಇಂಥ ತಿಂಗಳಿಂದ ರಾತ್ರಿ ಇನ್ಸುಲಿನ್ ಶುರುವಾಗಿದೆ. ಗ್ಲಿಕ್ಲಜೈಡ್ ಕೂಡ ಇದೆ. ದಿನಾ ಕಾರು ಓಡಿಸುತ್ತೇನೆ. ಡಿವಿಎಲ್‌ಎ ನಿಯಮದಂತೆ ಮತ್ತು ಇನ್ಸುಲಿನ್ ಪ್ರಮಾಣ ಹೊಂದಿಸಲು ದಿನಕ್ಕೆ 3 ಸಲ ನೋಡಬೇಕು. ನನ್ನ ರಿಪೀಟ್‌ನಲ್ಲಿ ಇನ್ನೂ ಹಳೆಯ ಪ್ರಮಾಣವೇ ಇದೆ. ದಯವಿಟ್ಟು 28 ದಿನಕ್ಕೆ 100 ಸ್ಟ್ರಿಪ್ ಎಂದು ಬದಲಿಸಿ. ಎರಡು ವಾರದ ರೀಡಿಂಗ್ ಲಗತ್ತಿಸಿದ್ದೇನೆ." ಕೊನೆಗೆ, ಇದನ್ನು ಪ್ರಾಕ್ಟೀಸ್ ಫಾರ್ಮಸಿಸ್ಟ್ ಅಥವಾ ಡಯಾಬಿಟಿಸ್ ನರ್ಸ್‌ಗೆ ಕಳಿಸಿ ಎಂದು ಸೇರಿಸಿ. ಬೆರಳು ಚುಚ್ಚುವ ಸೂಜಿ, ಅಂದರೆ ಲ್ಯಾನ್ಸೆಟ್ ಕೂಡ ಅದೇ ಲೆಕ್ಕಕ್ಕೆ ಏರಿಸಲು ಹೇಳಿ. ಸೂಜಿ ಹಾಕುವ ಹಳದಿ ಡಬ್ಬ ಕೂಡ ಚೀಟಿಯಲ್ಲೇ ಬರುತ್ತದೆ, ಎಷ್ಟೋ ಜನರಿಗೆ ಅದು ಗೊತ್ತಿಲ್ಲ.

ಇಷ್ಟಾದರೂ ಇಲ್ಲ ಅಂದರೆ, ಯಾಕೆ ಇಲ್ಲ ಎಂದು ಬರವಣಿಗೆಯಲ್ಲಿ ಕೇಳಿ. ನೂರಕ್ಕೆ ತೊಂಬತ್ತು ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ ಅನ್ನುವುದು ನನ್ನ ಅಂದಾಜು. ಯಾಕೆಂದರೆ ಕಾರಣ ಬರೆಯಲು ಕೂತವರು ಮಾರ್ಗಸೂಚಿ ತೆಗೆದು ನೋಡಲೇಬೇಕು. ಆಗಲೂ ಆಗಲಿಲ್ಲವೆಂದರೆ ಇನ್ಸುಲಿನ್ ಶುರು ಮಾಡಿದ ನರ್ಸ್ ಅಥವಾ ಆಸ್ಪತ್ರೆಯ ತಂಡದಿಂದ "ದಿನಕ್ಕೆ ಇಷ್ಟು ಸಲ" ಎಂದು ಪತ್ರ ಹಾಕಿಸಿ. ನಂತರ ಪ್ರಾಕ್ಟೀಸ್ ಮ್ಯಾನೇಜರ್‌ಗೆ ದೂರು ಕೊಡಿ, ಇಲ್ಲವೇ ಅದರ ಬದಲು ನಿಮ್ಮ ಪ್ರದೇಶದ ಎನ್‌ಎಚ್‌ಎಸ್ ಸೇವೆ ನೋಡಿಕೊಳ್ಳುವ ಮಂಡಳಿಯಾದ ಐಸಿಬಿಗೆ ಕೊಡಿ. ಡಯಾಬಿಟಿಸ್ ಯುಕೆ ಸಂಸ್ಥೆಯ ಸಹಾಯವಾಣಿಯವರೂ ಸಲಹೆ ಕೊಡುತ್ತಾರೆ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ವೀಸಾದಲ್ಲಿ ಬಂದವರು ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ, ತೆರಿಗೆಯನ್ನೂ ಕಟ್ಟಿ ಇಲ್ಲಿದ್ದೀರಿ.

ಮಾತಿನ ನಡುವೆ ಅವರು "ಬೇರೆ ಮೀಟರ್ ತೆಗೆದುಕೊಳ್ಳಿ" ಅನ್ನಬಹುದು. 2023ರಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಮೀಟರ್‌ಗಳನ್ನೆಲ್ಲ ತೂಗಿನೋಡಿ ಯಾವುದು ಕೊಡಬೇಕು ಎಂದು ಶಿಫಾರಸು ಮಾಡಿತು. ಅದಾದ ಮೇಲೆ ಕಡಿಮೆ ಬೆಲೆಯ ಸ್ಟ್ರಿಪ್‌ಗೆ ಬದಲಿಸುವುದು ಎಲ್ಲ ಕಡೆ ನಡೆದಿದೆ. ಒಪ್ಪಿಕೊಂಡುಬಿಡಿ. ಬ್ರ್ಯಾಂಡ್‌ಗಾಗಿ ಹಟ ಬೇಡ, ಸಂಖ್ಯೆಗಾಗಿ ಇರಲಿ. ಇನ್ಸುಲಿನ್ ಪಂಪ್ ಜೊತೆ ಮಾತಾಡುವ ಮೀಟರ್ ಇದ್ದವರು, ಕಣ್ಣು ಮಂಜಾಗಿ ದೊಡ್ಡ ಅಕ್ಷರ ಬೇಕಾದವರು ಮಾತ್ರ ಬೇಡ ಎನ್ನಬಹುದು. ಮೀಟರನ್ನು ಪುಕ್ಕಟೆ ಕೊಡುತ್ತಾರೆ, ಕಂಪನಿಗಳಿಗೆ ದುಡ್ಡು ಹುಟ್ಟುವುದು ಸ್ಟ್ರಿಪ್‌ನಲ್ಲಿ.

ಸ್ಟ್ರಿಪ್ ಪೋಲಾಗುವುದರ ಬಗ್ಗೆಯೂ ಹೇಳಬೇಕು. 7.2 ಬಂತು, ನಂಬಿಕೆ ಬರಲಿಲ್ಲ, ಇನ್ನೊಂದು ಹಾಕಿದರೆ 7.9, ಮತ್ತೊಂದು ಹಾಕಿದರೆ 7.5. ಮೂರೂ ಸರಿಯೇ. ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವೇ ಶೇ. 15ರಷ್ಟು ಆಚೀಚೆ ಆಗುವುದನ್ನು ಒಪ್ಪುತ್ತದೆ. ನಂಬರ್ ನೋಡಿ ನೀವು ಮಾಡುವ ಕೆಲಸ ಬದಲಾಗದಿದ್ದರೆ ಎರಡನೇ ಸಲ ಬೇಡ. ತೀರಾ ವಿಚಿತ್ರವಾದ ನಂಬರ್ ಬಂದರೆ ಮೊದಲು ಕೈ ತೊಳೆಯಿರಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿಕೊಂಡರೆ ಮೀಟರ್ ಅಳೆಯುವುದು ಮಾವಿನ ಸಕ್ಕರೆಯನ್ನೂ ಸೇರಿಸಿಯೇ. ಬಿಸಿನೀರಲ್ಲಿ ಕೈ ತೊಳೆದು ಒರೆಸಿಕೊಂಡು, ಬೆರಳ ತುದಿಯ ನಡುವೆ ಅಲ್ಲ, ಪಕ್ಕಕ್ಕೆ ಚುಚ್ಚಿ. ಇಲ್ಲಿನ ಚಳಿಗೆ ಬೆರಳು ತಣ್ಣಗಿದ್ದರೆ ರಕ್ತ ಬರುವುದಿಲ್ಲ, ಸ್ಟ್ರಿಪ್ ಎರರ್ ಕೊಡುತ್ತದೆ. ಡಬ್ಬಿಯ ಮುಚ್ಚಳ ತಕ್ಷಣ ಹಾಕಿ, ತೇವ ತಾಗಿದರೆ ಸ್ಟ್ರಿಪ್ ಕೆಡುತ್ತದೆ.

ಏಕಾದಶಿ ವಿಷಯ ಸ್ವಲ್ಪ ಗಂಭೀರ. ಗ್ಲಿಕ್ಲಜೈಡ್ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ಇಳಿಯುವ ಅಪಾಯ ನಿಜಕ್ಕೂ ಇದೆ. ಮಾತ್ರೆ ಹೊಟ್ಟೆ ಖಾಲಿಯಿದೆಯೋ ಇಲ್ಲವೋ ನೋಡುವುದಿಲ್ಲ, ತನ್ನ ಪಾಡಿಗೆ ಇನ್ಸುಲಿನ್ ಹೊರಡಿಸುತ್ತದೆ. ಹಾಗೆಂದು ನೀವೇ ಮಾತ್ರೆ ಬಿಡಬೇಡಿ. ಆ ದಿನ ಮಾತ್ರೆ, ಇನ್ಸುಲಿನ್ ಎಷ್ಟಿರಬೇಕು ಎಂದು ಉಪವಾಸಕ್ಕೆ ಮುಂಚೆಯೇ ನರ್ಸ್ ಅಥವಾ ಡಾಕ್ಟರ್ ಹತ್ತಿರ ಮಾತಾಡಿ. ಇಲ್ಲಿನವರಿಗೆ ರಂಜಾನ್ ಉಪವಾಸ ಚೆನ್ನಾಗಿ ಗೊತ್ತು, ಏಕಾದಶಿ ಗೊತ್ತಿರುವುದಿಲ್ಲ. ತಿಂಗಳಿಗೆ ಎರಡು ದಿನ, ಇಷ್ಟು ಗಂಟೆ, ಹಣ್ಣು ಹಾಲು ಉಂಟು ಅಥವಾ ಏನೂ ಇಲ್ಲ ಎಂದು ಬಿಡಿಸಿ ಹೇಳಿ. 4ಕ್ಕಿಂತ ಕೆಳಗಿಳಿದರೆ ಉಪವಾಸ ಅಲ್ಲಿಗೇ ಮುಗಿಸಿ. ತಕ್ಷಣ 15ರಿಂದ 20 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗಬೇಕು, ಒಂದು ಸಣ್ಣ ಲೋಟ ಹಣ್ಣಿನ ರಸ ಸಾಕು. 10ರಿಂದ 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 4ರ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ದ್ವಾದಶಿ ಪಾರಣೆವರೆಗೆ ತಡೆದುಕೊಳ್ಳೋಣ ಎಂಬ ಹಟ ಮಾತ್ರ ಬೇಡ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಶುಗರ್‌ಗೆ ಔಷಧಿ ತೆಗೆದುಕೊಳ್ಳುವವರು ಯಾವ ಚೀಟಿಗೂ ದುಡ್ಡು ಕೊಡಬೇಕಾಗಿಲ್ಲ. ಆದರೆ ಅದಕ್ಕೆ ವಿನಾಯಿತಿ ಸರ್ಟಿಫಿಕೇಟ್ ಇರಬೇಕು. ಪ್ರಾಕ್ಟೀಸ್‌ನಲ್ಲಿ ಎಫ್‌ಪಿ92ಎ ಎಂಬ ಅರ್ಜಿ ಕೇಳಿ. 5 ವರ್ಷ ನಡೆಯುತ್ತದೆ, ಮುಗಿಯುವ ಮುಂಚೆ ಹೊಸದು ಮಾಡಿಸಿ. ಸರ್ಟಿಫಿಕೇಟ್ ಇಲ್ಲದೆ "ನನಗೆ ಉಚಿತ" ಎಂದು ಟಿಕ್ ಹಾಕಿದರೆ ದಂಡದ ಪತ್ರ ಮನೆಗೆ ಬರುತ್ತದೆ. ಅಷ್ಟರೊಳಗೆ ದುಡ್ಡು ಕೊಡಬೇಕಾಗಿ ಬಂದರೆ ಆ ಕ್ಷಣವೇ ಎಫ್‌ಪಿ57 ರಸೀದಿ ಕೇಳಿ, ಆಮೇಲೆ ಕೇಳಿದರೆ ಕೊಡುವುದಿಲ್ಲ. ಬರೀ ಪಥ್ಯದಲ್ಲಿರುವವರಿಗೆ ಈ ವಿನಾಯಿತಿ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಎಲ್ಲರಿಗೂ ಚೀಟಿ ಉಚಿತ, ಅಲ್ಲಿ ಈ ತಲೆನೋವೇ ಇಲ್ಲ.

ಸೆನ್ಸರ್ ಬಗ್ಗೆ. 2022ರಲ್ಲಿ ನೈಸ್ ಟೈಪ್ 1 ಇರುವ ಎಲ್ಲ ದೊಡ್ಡವರಿಗೂ ಸೆನ್ಸರ್ ಕೊಡಿ ಎಂದಿತು. ಟೈಪ್ 2ರಲ್ಲಿ ಅದೇ ವರ್ಷ ಹೇಳಿದ್ದು ಮುಖ್ಯವಾಗಿ ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಅದರಲ್ಲೂ ಪದೇ ಪದೇ ಲೋ ಆಗುವವರಿಗೆ ಅಥವಾ ಲೋ ಆಗಿದ್ದು ಗೊತ್ತೇ ಆಗದವರಿಗೆ. ನಿಮ್ಮದು ದಿನಕ್ಕೆ ಒಂದೇ. ಕೇಳಿ ನೋಡಿ, ಆದರೆ ಅದನ್ನೇ ನಂಬಿ ಸ್ಟ್ರಿಪ್ ಅರ್ಜಿ ತಡಮಾಡಬೇಡಿ. ಸೆನ್ಸರ್ ಸಿಕ್ಕರೂ ಸ್ಟ್ರಿಪ್ ತಪ್ಪುವುದಿಲ್ಲ. ಅದು 4 ಅಥವಾ ಕೆಳಗೆ ತೋರಿಸಿದಾಗ, ಮೈ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದಾಗ, ಗಾಡಿ ಓಡಿಸುವವರು ಬೆರಳು ಚುಚ್ಚಿಯೇ ನೋಡಬೇಕು. "ನಿಮಗೆ ಸೆನ್ಸರ್ ಇದೆಯಲ್ಲ" ಎಂದು ಸ್ಟ್ರಿಪ್ ಪೂರ್ತಿ ನಿಲ್ಲಿಸಿದರೆ ಒಪ್ಪಬೇಡಿ.

ಬೆಂಗಳೂರಿನಿಂದ ತರಿಸುವುದು ಬೇಡ. ಒಂದು ಮೀಟರ್‌ನ ಸ್ಟ್ರಿಪ್ ಇನ್ನೊಂದಕ್ಕೆ ಆಗುವುದಿಲ್ಲ, ಅದೇ ಕಂಪನಿಯ ಬೇರೆ ಮಾಡೆಲ್‌ಗೂ ಆಗದಿರಬಹುದು. ಮೀಟರನ್ನೂ ಅಲ್ಲಿಂದಲೇ ತಂದರೆ ಅದು 126, 180 ಎಂದು ತೋರಿಸುತ್ತದೆ. ಇಲ್ಲಿನ ನರ್ಸ್ ಕೇಳುವುದು 7, 10. ಅರ್ಧ ನಿದ್ದೆಯಲ್ಲಿ, ಲೋ ಆಗಿ ಕೈ ನಡುಗುವಾಗ ಭಾಗಾಕಾರ ಮಾಡುತ್ತಾ ಕೂರುವುದು ಯಾರಿಗೆ ಬೇಕು? ಆನ್‌ಲೈನಿನಲ್ಲಿ ಯಾರೋ ಮಾರುವ ಮಿಕ್ಕ ಡಬ್ಬಿಗಳನ್ನೂ ಮುಟ್ಟಬೇಡಿ, ಎಲ್ಲಿ ಇಟ್ಟಿದ್ದರೋ ಏನೋ.

ಅಪ್ಪನ ಮಾತು ಹಾಗಲ್ಲ. ಅವರು ತಮ್ಮ ಮೀಟರನ್ನೇ ತರಲಿ. ಊರಲ್ಲಿ ಅವರ ಡಾಕ್ಟರ್ ಹೇಳಿದ್ದೂ, ಅವರಿಗೆ ಅಭ್ಯಾಸವಾಗಿರುವುದೂ ಆ ನಂಬರುಗಳೇ. ನಿಮ್ಮ ಚೀಟಿಯ ಸ್ಟ್ರಿಪ್ ನಿಮಗೆ ಮಾತ್ರ, ಅವರಿಗೆ ಹಂಚಿದರೆ ನಿಮ್ಮ ಲೆಕ್ಕ ಮತ್ತೆ ತಪ್ಪುತ್ತದೆ. ಬೆರಳು ಚುಚ್ಚುವ ಪೆನ್ ಅಂತೂ ಅಪ್ಪ ಮಗನೇ ಆದರೂ ಹಂಚಿಕೊಳ್ಳಬಾರದು. ಲ್ಯಾನ್ಸೆಟ್ ಬದಲಿಸಿದರೂ ಬಾರದು, ಹೆಪಟೈಟಿಸ್ ಬಿ ಹೀಗೆ ಹರಡಿದ ಉದಾಹರಣೆಗಳಿವೆ. ಎಷ್ಟು ದಿನ ಇರುತ್ತಾರೋ ಅಷ್ಟಕ್ಕೆ ಬೇಕಾದ ಮಾತ್ರೆ, ಸ್ಟ್ರಿಪ್, ಲ್ಯಾನ್ಸೆಟ್ ತಂದುಕೊಳ್ಳಲಿ, ಮೇಲೆ ಎರಡು ವಾರದ್ದು ಹೆಚ್ಚಿಗೆ ಇರಲಿ. ಎಲ್ಲವನ್ನೂ ಕೈಚೀಲದಲ್ಲೇ ಇಡಲು ಹೇಳಿ, ಚೆಕ್‌ಇನ್ ಸೂಟ್‌ಕೇಸಿನಲ್ಲಿ ಅಲ್ಲ. ಸೂಟ್‌ಕೇಸ್ ಒಮ್ಮೊಮ್ಮೆ ದುಬೈನಲ್ಲೇ ಉಳಿದುಬಿಡುತ್ತದೆ. ಜೊತೆಗೆ ಡಾಕ್ಟರ್ ಬರೆದ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಪಕ್ಕ ಔಷಧಿಯ ಮೂಲ ಹೆಸರೂ ಇರಲಿ, ಭಾರತದ ಬ್ರ್ಯಾಂಡ್ ಹೆಸರುಗಳು ಇಲ್ಲಿನ ಫಾರ್ಮಸಿಯವರಿಗೆ ಗೊತ್ತಿರುವುದಿಲ್ಲ.